ಕರಿಕಲ್ಲಿನ ಪುಡಿಯಲ್ಲಿ ಅಲಸಂದಿ: ನನ್ನ ಅನುಭವ

ವಿಜಯಪುರ ಜಿಲ್ಲೆಯ ನಮ್ಮ ಎರೆಭೂಮಿ ಕರಿಕಲ್ಲು, ಅಂದರೆ ಬಸಾಲ್ಟ್ ಶಿಲೆ, ಸವೆದು ಆದದ್ದು; ಮಂಗಳನ ನೆಲದ ಪುಡಿಯೂ ಬಹುಪಾಲು ಬಸಾಲ್ಟಿನದೇ. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60ರಲ್ಲಿ ಇಸ್ರೊ ಕಳಿಸಿದ್ದ ಅಲಸಂದಿ ಬೀಜಗಳು ನಾಲ್ಕೇ ದಿನಕ್ಕೆ ಕಕ್ಷೆಯಲ್ಲಿ ಮೊಳೆತವು ಎಂದು ಓದಿದಾಗ, ಆ ಬೆಳೆ ಮಂಗಳನಂಥ ನೆಲದಲ್ಲಿ ಕಾಯಿಕಟ್ಟುವವರೆಗೆ ಬಂದೀತೇ ಎಂದು ನೋಡಲೇಬೇಕೆನಿಸಿತು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಊರ ಹೊರಗಿನ ಕ್ರಷರ್‌ನಿಂದ ಎರಡು ಚೀಲ ಕಲ್ಲುಪುಡಿ ತಂದು, ಜರಡಿ ಹಿಡಿದು, ಕುಂಡಗಳಲ್ಲಿ ತುಂಬಿದೆ.

ಬೀಜಗಳೇನೋ ನಾಲ್ಕನೆಯ ದಿನವೇ ತಲೆಯೆತ್ತಿದವು. ಆದರೆ ನೀರು ಹಾಕಿದಂತೆಲ್ಲ ನುಣ್ಣನೆಯ ಪುಡಿ ಗಾರೆಯಂತೆ ಗಟ್ಟಿಯಾಗಿ ಬೇರಿಗೆ ಗಾಳಿಯಾಡದಾಯಿತು. ಮೂರನೆಯ ವಾರಕ್ಕೆ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು. ಮೊಳಕೆ ತನ್ನ ಬೇಳೆಯಲ್ಲಿರುವ ಬುತ್ತಿಯನ್ನು ಉಂಡು ಏಳುತ್ತದೆ, ಅದು ತೀರಿದ ಮೇಲೆ ನೆಲವೇ ಉಣಿಸಬೇಕು; ಕಲ್ಲುಪುಡಿಯಲ್ಲಿ ಕಬ್ಬಿಣ, ಮೆಗ್ನೀಸಿಯಂ, ಸುಣ್ಣದ ಅಂಶಗಳಿದ್ದರೂ ಗಿಡಕ್ಕೆ ದಕ್ಕುವ ಸಾರಜನಕವಿಲ್ಲ. ಫ್ಲಾರಿಡಾ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಅಪೊಲೊ ಯಾತ್ರಿಗಳು ತಂದ ಚಂದ್ರನ ಮಣ್ಣಿನಲ್ಲಿ ಸಾಸಿವೆಯ ಕುಲದ ಅರಬಿಡಾಪ್ಸಿಸ್ ಚೆನ್ನಾಗಿ ಮೊಳೆತು, ಪೋಷಕಾಂಶದ ನೀರು ಕೊಟ್ಟರೂ ಮುಂದೆ ಕುಗ್ಗಿತ್ತು.

ಎರಡನೆಯ ಸಲ ಅರ್ಧದಷ್ಟು ದಪ್ಪ ಹರಳು ಬೆರೆಸಿ, ಪ್ರತಿ ಕುಂಡಕ್ಕೆ ಒಂದು ಬೊಗಸೆ ಎರೆಗೊಬ್ಬರ ಹಾಕಿ, ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾವನ್ನು ಬೀಜಗಳಿಗೆ ಲೇಪಿಸಿ ನೆರಳಲ್ಲಿ ಒಣಗಿಸಿ ಬಿತ್ತಿದೆ. ಹೋಲಿಸಿ ನೋಡಲು ಒಂದು ಕುಂಡದ ಬೀಜಕ್ಕೆ ಲೇಪ ಕೊಡಲಿಲ್ಲ. ಮೂವತ್ತೈದನೆಯ ದಿನ ಒಂದು ಗಿಡವನ್ನು ಮೆಲ್ಲಗೆ ಕಿತ್ತು ಬೇರು ತೊಳೆದಾಗ ಜೋಳದ ಕಾಳಿನಷ್ಟು ದಪ್ಪನೆಯ ಗಂಟುಗಳು ಕಂಡವು. ಬ್ಲೇಡಿನಿಂದ ಒಂದನ್ನು ಸೀಳಿದರೆ ಒಳಗೆ ನಸುಗೆಂಪು. ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿವೆ ಎಂಬುದಕ್ಕೆ ಆ ಬಣ್ಣವೇ ಗುರುತು. ಅದನ್ನು ಕಂಡಾಗ ಆದ ಸಂತೋಷ ಇಂದಿಗೂ ಹಸಿಯಾಗಿದೆ. ಲೇಪ ಕೊಟ್ಟ ಗಿಡಗಳು ಕಾಯಿಕಟ್ಟಿದವು, ಕೊಡದವು ಹೂವಿಗೇ ನಿಂತವು.

ಮಂಗಳನಲ್ಲಿಗೆ ಬೀಜ ಒಯ್ಯುವುದು ದೊಡ್ಡ ತೊಡಕಲ್ಲವೆಂದು ಈಗ ನನಗನಿಸುತ್ತದೆ. ಬಾಹ್ಯಾಕಾಶ ನಿಲ್ದಾಣದ ಹೊರಗೆ 18 ತಿಂಗಳು ಇದ್ದುಬಂದ ತಂಬಾಕು, ಅರಬಿಡಾಪ್ಸಿಸ್ ಬೀಜಗಳಲ್ಲಿ ಶೇ. 23ರಷ್ಟು ಮೊಳೆತಿವೆ. ಅವುಗಳ ಜೊತೆ ಈ ಸೂಕ್ಷ್ಮಜೀವಿಗಳನ್ನೂ ಜೀವಂತವಾಗಿ ಒಯ್ಯಬೇಕು. ಮಂಗಳನ ಗಾಳಿಯ ಒತ್ತಡ ನಮ್ಮದರ ಶೇ. 1ಕ್ಕೂ ಕಡಿಮೆ, ಅದರಲ್ಲಿ ಸಾರಜನಕ ಶೇ. 3ನ್ನೂ ಮುಟ್ಟದು, ಆದ್ದರಿಂದ ಮುಚ್ಚಿದ ಹಸಿರುಮನೆ ಕಟ್ಟಿ, ಅದರೊಳಗೆ ಸಾರಜನಕ ತುಂಬಿದ ಮೇಲೆಯೇ ರೈಜೋಬಿಯಂಗೆ ಕೆಲಸ. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪತ್ತೆಹಚ್ಚಿದ ಪರ್ಕ್ಲೋರೇಟ್ ಎಂಬ ವಿಷಲವಣವನ್ನೂ, ನಾವು ಸವಳು ಭೂಮಿಗೆ ನೀರು ನಿಲ್ಲಿಸಿ ಉಪ್ಪನ್ನು ಬಸಿಗಾಲುವೆಗೆ ಇಳಿಸುವಂತೆ, ಮೊದಲು ತೊಳೆದು ತೆಗೆಯಬೇಕು.

ಅಲಸಂದಿಯ ಬೇರು, ಸೊಪ್ಪನ್ನು ಅದೇ ಕುಂಡಗಳಲ್ಲಿ ಕೊಳೆಸಿ ಈ ಹಿಂಗಾರಿಗೆ ಬಿಳಿಜೋಳ ಹಾಕಿದ್ದೇನೆ. ಐದನೆಯ ಎಲೆ ಬಿಚ್ಚಿದೆ, ಇನ್ನೂ ಹಸಿರಾಗಿದೆ.