ಬಾವಿಕಟ್ಟೆಯಲ್ಲಿ ಕೂತ ಮಾತುಕತೆ: ಮಾರ್ಸಬಿಟ್‌ನ ನನ್ನ ಅನುಭವ

ಉತ್ತರ ಕೀನ್ಯಾದ ಮಾರ್ಸಬಿಟ್ ಸೀಮೆಯ ಬೊರಾನಾ ಮತ್ತು ಗಬ್ರಾ ಸಮುದಾಯಗಳು ಆಡುವುದು ಒರೋಮೋ ನುಡಿಯನ್ನೇ. ಆದರೂ ನೀರು, ಮೇವು ಮತ್ತು ಚುನಾವಣೆಯ ಪೈಪೋಟಿ ಅವರನ್ನು ಮತ್ತೆ ಮತ್ತೆ ಕಾದಾಟಕ್ಕಿಳಿಸಿವೆ. 2005ರ ಜುಲೈ 12ರಂದು ತುರ್ಬಿಯಲ್ಲಿ ಶಾಲೆಯ ಮಕ್ಕಳೂ ಸೇರಿದಂತೆ ಅನೇಕ ಗಬ್ರಾ ಜನರು ಹತ್ಯೆಗೀಡಾದರು. ಎರಡೂ ಕಡೆಯವರು ಮೈಕೋನಾ ಮತ್ತು ವಲ್ಡಾಗಳಲ್ಲಿ ಒಪ್ಪಂದಕ್ಕೆ ಬಂದದ್ದು 2009ರಲ್ಲಿ. ಶಾಂತಿ ಸಮಿತಿಗಳ ಜೊತೆಗೂಡಿ ನಾನು ಮಾಡಿದ ಕೆಲಸವೆಂದರೆ, ಅಂಥ ಒಪ್ಪಂದಗಳು ಬಾವಿಗಳ ಬಳಿ ನಿಜವಾಗಿ ಜಾರಿಯಲ್ಲಿರುವಂತೆ ನೋಡಿಕೊಳ್ಳುವುದು.

ಎರಡೂ ಪಕ್ಷಗಳನ್ನು ನಾವು ಆರಂಭದಲ್ಲೇ ಎದುರುಬದುರು ಕೂರಿಸುತ್ತಿರಲಿಲ್ಲ. ಎಂಟು ವರ್ಷಕ್ಕೊಮ್ಮೆ ಅಧಿಕಾರ ಕೈಬದಲಾಗುವ ಗದಾ ವ್ಯವಸ್ಥೆ ಬೊರಾನಾರದು. ಗಬ್ರಾರಿಗೆ ‘ಯಾ’ ಎಂಬ ಹಿರಿಯರ ಐದು ಮಂಡಲಿಗಳಿವೆ. ಆ ಹಿರಿಯರು ಮೊದಲು ತಮ್ಮವರ ನಡುವೆಯೇ, ದೂರದ ಮೇವಿನ ಬೀಡುಗಳಲ್ಲಿರುವ ಯುವಕರನ್ನೂ ಕರೆಸಿಕೊಂಡು, ಸಿಟ್ಟು ಮತ್ತು ದುಃಖವನ್ನೆಲ್ಲ ಹೊರಹಾಕಲು ಬಿಡಬೇಕು. ಬಂದೂಕು ಹಿಡಿದು ದನ ಕಾಯುವವರನ್ನು ಕೇಳದೆ ಕೊಟ್ಟ ಮಾತಿಗೆ ಮೇವಿನ ಬಯಲಿನಲ್ಲಿ ಬೆಲೆಯಿಲ್ಲ. ಹಣ ಕೊಡುವ ಸಂಸ್ಥೆಗಳು ಈ ಹಂತವನ್ನು ಬೇಗ ಮುಗಿಸಲು ಒತ್ತಾಯಿಸುತ್ತವೆ. ಅದಕ್ಕೆ ಮಣಿಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಜಂಟಿ ಸಭೆಯನ್ನು ಬಾವಿಯ ಹತ್ತಿರದ ಜಾಲಿಮರದಡಿ ಸೇರಿಸುತ್ತಿದ್ದೆವು. ಅಲ್ಲಿಯ ಆಳವಾದ ಬಾವಿಗಳಲ್ಲಿ ಗಂಡಸರು ಒಬ್ಬರ ಮೇಲೊಬ್ಬರು ನಿಂತು, ಹಾಡುತ್ತಾ ನೀರಿನ ಪಾತ್ರೆಗಳನ್ನು ಕೈಯಿಂದ ಕೈಗೆ ಮೇಲಕ್ಕೆ ದಾಟಿಸುತ್ತಾರೆ. ಒಂದು ಸಭೆಯಲ್ಲಿ ಗಬ್ರಾ ಹಿರಿಯರೊಬ್ಬರು ಕೈಗೋಲಿನಿಂದ ಮರಳಿನಲ್ಲಿ ಗೆರೆ ಎಳೆದು, ಒಂಟೆಗಳು ಯಾವ ಹೊತ್ತಿಗೆ, ದನಗಳು ಯಾವ ಹೊತ್ತಿಗೆ ನೀರಿಗೆ ಬರಬೇಕೆಂದು ತೋರಿಸಿದರು. ಬೊರಾನಾ ಹಿರಿಯರು ಆ ಗೆರೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. ಮಧ್ಯಾಹ್ನವೆಲ್ಲ ಚರ್ಚೆ ಆ ಗೆರೆಯ ಸುತ್ತಲೇ ನಡೆಯಿತು. ಕದ್ದ ಜಾನುವಾರುಗಳ ಹೆಜ್ಜೆ ಯಾವ ಬೀಡಿನವರೆಗೆ ಸಾಗುತ್ತದೋ, ಅವನ್ನು ಹುಡುಕಿಸಿ ಹಿಂತಿರುಗಿಸುವ ಹೊಣೆ ಆ ಬೀಡಿನವರದೇ ಎಂಬ ನಿಯಮಕ್ಕೂ ಅಲ್ಲಿಯೇ ಒಪ್ಪಿಗೆ ಸಿಕ್ಕಿತು.

ಈ ಸಭೆಗಳಲ್ಲಿ ಹೆಂಗಸರಿಗೆ ಮಾತನಾಡುವ ಅವಕಾಶ ಕಡಿಮೆ. ಆದ್ದರಿಂದ ಅವರ ಸಭೆಯನ್ನು ಪ್ರತ್ಯೇಕವಾಗಿ ಕರೆದು, ಸಂತೆಗೆ ಹೋಗುವ ದಾರಿಯ ಸುರಕ್ಷತೆಯ ಕುರಿತು ಅವರು ಹೇಳಿದ್ದನ್ನು ಹಿರಿಯರು ತಮ್ಮ ನಿರ್ಣಯದಲ್ಲಿ ಸೇರಿಸುವಂತೆ ಕೇಳಿಕೊಂಡೆವು.

ಕೀನ್ಯಾದ 2010ರ ಸಂವಿಧಾನದ 159ನೇ ವಿಧಿ ಸಾಂಪ್ರದಾಯಿಕ ವಿವಾದ ಪರಿಹಾರಕ್ಕೆ ಮಾನ್ಯತೆ ನೀಡುತ್ತದೆ, ಆದರೆ ಮೂಲಭೂತ ಹಕ್ಕುಗಳಿಗೆ ವಿರುದ್ಧವಾಗಿ ನಡೆಯಲು ಬಿಡುವುದಿಲ್ಲ. ಹಾಗಾಗಿ ಕೊಲೆ ನಡೆದ ಪ್ರಕರಣಗಳಲ್ಲಿ, ಜಾನುವಾರುಗಳ ರೂಪದ ಪರಿಹಾರ ಸಂದಾಯವಾದರೂ ಪೊಲೀಸ್ ಮೊಕದ್ದಮೆ ಮುಂದುವರಿಯುತ್ತದೆ ಎಂಬುದನ್ನು ಎರಡೂ ಕುಟುಂಬಗಳಿಗೆ ಮೊದಲೇ ತಿಳಿಸಿ, ಆ ಬಳಿಕವೇ ಪರಿಹಾರದ ಮಾತಿಗೆ ಕೂರುತ್ತಿದ್ದೆವು.