ಆಟಿಸಂ ಸ್ಟಡಿಗೆ ಮಗುವನ್ನು ಸೇರಿಸುವ ಮೊದಲು

ಗೋವಾದ ವಾಸ್ಕೋ, ಝುವಾರಿ ನಗರದ ಕಡೆ ನಮ್ಮ ವಿಜಯಪುರ, ಬಾಗಲಕೋಟೆಯ ಕುಟುಂಬಗಳು ಬಹಳ. ಆಟಿಸಂ ಇರುವ ಮಗುವನ್ನು ದವಾಖಾನೆಗೆ ಕರೆದೊಯ್ದಾಗ "ಒಂದು ಸ್ಟಡಿ ನಡೀತಿದೆ, ಸೇರಿಸ್ತೀರಾ?" ಎಂದು ಕೇಳಿದರೆ ಹೆದರಬೇಡಿ. ಹಾಗಂತ ಅಲ್ಲೇ ನಿಂತು ಸಹಿಯನ್ನೂ ಹಾಕಬೇಡಿ.

ಮೊದಲು ನೋಂದಣಿ ನಂಬರ್ ಕೇಳಿ. ಕ್ಲಿನಿಕಲ್ ಟ್ರಯಲ್‌ಗಳು, ಅಂದರೆ ಚಿಕಿತ್ಸೆಯನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಸ್ಟಡಿಗಳು, ಸಿಟಿಆರ್‌ಐ ಎಂಬ ಸರ್ಕಾರಿ ರಿಜಿಸ್ಟ್ರಿಯಲ್ಲಿ ದಾಖಲಾಗಬೇಕು. 2009ರಿಂದ ಇದು ಕಡ್ಡಾಯ. ಯಾವ ವಯಸ್ಸಿನ ಮಕ್ಕಳು, ಎಷ್ಟು ಮಂದಿ, ಏನನ್ನು ಅಳೆಯುತ್ತಾರೆ ಎಲ್ಲವೂ ಅಲ್ಲಿರುತ್ತದೆ. ಇಂಗ್ಲಿಷ್ ಬಾರದಿದ್ದರೆ ಕಾಲೇಜಿಗೆ ಹೋಗುವ ಹುಡುಗರಿಂದ ಓದಿಸಿ.

ಆಮೇಲೆ, "ಯಾರ ಜೊತೆ ಹೋಲಿಸಿ ನೋಡ್ತೀರಿ?" ಎಂದು ಕೇಳಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಸೀಕ್ರೆಟಿನ್ ಎಂಬ ಹಾರ್ಮೋನಿನ ಇಂಜೆಕ್ಷನ್‌ನಿಂದ ಆಟಿಸಂ ಕಡಿಮೆಯಾಗುತ್ತದೆ ಎಂದು ಅಮೆರಿಕದಲ್ಲಿ ಭಾರೀ ಸುದ್ದಿಯಾಗಿತ್ತು. 1999ರಲ್ಲಿ ಕೆಲವು ಮಕ್ಕಳಿಗೆ ಅದನ್ನೂ ಉಳಿದವರಿಗೆ ಔಷಧವಿಲ್ಲದ ಉಪ್ಪು ನೀರನ್ನೂ ಕೊಟ್ಟು ನೋಡಿದರು. ಎರಡೂ ಗುಂಪಿನ ಮಕ್ಕಳು ಒಂದೇ ರೀತಿ ಸುಧಾರಿಸಿದ್ದರು! ಮಕ್ಕಳು ಬೆಳೆಯುತ್ತಲೇ ಇರುತ್ತಾರೆ. ಆಸೆಯಿಂದ ನೋಡುವ ಹೆತ್ತವರಿಗೆ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣುತ್ತದೆ. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಔಷಧದಿಂದ ಆದದ್ದು ಯಾವುದು ಅಂತ ಹೇಳೋದು ಹೇಗೆ?

ಒಳ್ಳೆಯ ಸ್ಟಡಿ ಹೇಗಿರುತ್ತದೆ ಎಂಬುದಕ್ಕೆ ಗೋವಾದಲ್ಲೇ ಉದಾಹರಣೆ ಇದೆ. ಇಲ್ಲಿನ ಸಂಗಾತ್ ಸಂಸ್ಥೆ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯವರು ಸೇರಿ 65 ಮಕ್ಕಳ ಮೇಲೆ ನಡೆಸಿದ 'ಪಾಸ್' ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಾತ್ರೆ, ಇಂಜೆಕ್ಷನ್ ಏನೂ ಇಲ್ಲ. ತಾಯಿ ಮಗುವಿನ ಜೊತೆ ಆಡುವುದನ್ನು ವಿಡಿಯೊ ಮಾಡಿ, ತರಬೇತಿ ಪಡೆದ ಕಾರ್ಯಕರ್ತರು ಅವಳ ಜೊತೆ ಕೂತು ನೋಡುತ್ತಾರೆ. ಮಗು ಕಾರಿನ ಚಕ್ರ ತಿರುಗಿಸುತ್ತಿದೆ ಅಂದುಕೊಳ್ಳಿ. "ಇದು ಯಾವ ಬಣ್ಣ? ಹೇಳು, ಹೇಳು" ಎಂದು ಅಮ್ಮ ಬೆನ್ನು ಹತ್ತಿದರೆ ಅದು ಮುಖ ತಿರುಗಿಸುತ್ತದೆ. ಸುಮ್ನೆ ಕಾದು "ಗರಗರ" ಎಂದರೆ ತಿರುಗಿ ನೋಡಬಹುದು. ಇಂಥ ಗಳಿಗೆಗಳನ್ನು ವಿಡಿಯೊದಲ್ಲಿ ಹುಡುಕುವುದೇ ಕೆಲಸ. ಆರು ತಿಂಗಳಲ್ಲಿ 12 ಭೇಟಿ. ಹೋಲಿಕೆಯ ಗುಂಪಿಗಿಂತ ಈ ಮಕ್ಕಳು ತಾವಾಗಿಯೇ ಸಂವಹನ ಶುರು ಮಾಡುವುದು ಜಾಸ್ತಿಯಾಯಿತು. ತಾಯಿ, ಮಗು ಇಬ್ಬರೂ ಒಂದೇ ವಿಷಯದಲ್ಲಿ ಗಮನ ಇಡುವುದು ಮಾತ್ರ ಕಡಿಮೆಯಾಗಿತ್ತು. ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ನಾನು ನಂಬುವುದು ಇಂಥ ಸಂಶೋಧನೆಯನ್ನು.

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕೊಂಕಣಿ, ಮರಾಠಿ ಓದಲು ಬಾರದಿದ್ದರೆ "ಕನ್ನಡದಲ್ಲಿ ಕೊಡಿ" ಎಂದು ಕೇಳಿ, ಸಂಕೋಚ ಬೇಡ. ಮನೆಗೆ ಒಯ್ದು ಓದಿ. ಏಳು ವರ್ಷ ದಾಟಿದ, ಅರ್ಥ ಮಾಡಿಕೊಳ್ಳಬಲ್ಲ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಮಾತು ಬಾರದ ಮಗು ಸೂಜಿ ಕಂಡು ಕೈ ಎಳೆದುಕೊಂಡರೆ ಅದೂ ಉತ್ತರವೇ ಅಲ್ವಾ? ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಅದಕ್ಕಾಗಿ ಮಗುವಿನ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ದುಡ್ಡು ಕೇಳಿದರೆ ಎದ್ದು ಬನ್ನಿ. ಮುಖ್ಯವಾಗಿ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಚಿಕಿತ್ಸೆಯ ಹೆಸರಲ್ಲಿ. ಆಟಿಸಂಗೆ ಅದು ಸಾಬೀತಾದ ಚಿಕಿತ್ಸೆಯಲ್ಲ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅದನ್ನು ಟ್ರಯಲ್‌ನಲ್ಲಿ ಮಾತ್ರ ಕೊಡಬಹುದು, ರೋಗಿಯಿಂದ ಹಣ ಪಡೆಯುವಂತಿಲ್ಲ. ಇದಕ್ಕಾಗಿ ಊರಿನ ಹೊಲ ಮಾರಬೇಡಿ.

ಸೇರಿಸಿದರೆ ಸಹಿ ಹಾಕಿದ ಪತ್ರದ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ರಾತ್ರಿ ಮಗುವಿಗೆ ಜ್ವರವೋ ಫಿಟ್ಸೋ ಬಂದರೆ ಕರೆಯಬೇಕಾದ ಡಾಕ್ಟರ ನಂಬರ್ ಅದರಲ್ಲಿದೆಯಾ ನೋಡಿ. ಟ್ರಯಲ್‌ನಿಂದಲೇ ತೊಂದರೆಯಾಗಿದ್ದರೆ ಅದರ ಚಿಕಿತ್ಸೆಗೆ ನಿಮ್ಮಿಂದ ದುಡ್ಡು ಕೇಳುವಂತಿಲ್ಲ.