ಒಂದು ಅಂಕಕ್ಕೆ ತಪ್ಪಿಹೋದ ಪಿಂಚಣಿ: ತಮ್ಮನ ಪರವಾಗಿ ನಾನು ಮೇಲ್ಮನವಿ ಹಾಕಿದ ಬಗೆ

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದೆ. ಹತ್ತು ವರ್ಷಕ್ಕೂ ಜಾಸ್ತಿ ಆಯಿತು. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ ವೈದ್ಯಕೀಯ ಮಂಡಳಿ ಶೇ. 40ಕ್ಕಿಂತ ಕಡಿಮೆ ಎಂದು ಬರೆದು, ಬಿಳಿ ಬಣ್ಣದ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಬಂತು. ಶೇ. 40 ಮುಟ್ಟಿದರೆ ಹಳದಿ ಕಾರ್ಡ್, 80 ಮುಟ್ಟಿದರೆ ನೀಲಿ. ಬಿಳಿ ಕಾರ್ಡ್ ಇಟ್ಟುಕೊಂಡು ವಿಕಲಚೇತನರ ಪಿಂಚಣಿ ಕೇಳುವ ಹಾಗಿಲ್ಲ.

ತಪಾಸಣೆ ನಡೆದ ರೀತಿ ಹೇಳುತ್ತೇನೆ. ನನ್ನನ್ನು ಹೊರಗೆ ಕೂರಿಸಿದರು. ಒಳಗೆ ಅವನನ್ನು ಕೇಳಿದ್ದು ಇಷ್ಟೇ: "ಸ್ನಾನ ನೀವೇ ಮಾಡ್ತೀರಾ?" "ಮಾಡ್ತೀನಿ ಸರ್." "ಕೆಲಸ?" "ಅಂಗಡೀಲಿ ಇದ್ದೀನಿ ಸರ್." ಅವನು ಸುಳ್ಳು ಹೇಳಲಿಲ್ಲ. ಬಿಸಿನೀರು ತೋಡಿಟ್ಟು, ಬಟ್ಟೆ ಕೈಗೆ ಕೊಟ್ಟು, ಅಮ್ಮ ಬಾಗಿಲ ಹತ್ತಿರ ನಿಂತು ಕರೆಯುತ್ತಾ ಇದ್ದರೆ ಸ್ನಾನ ಆಗುತ್ತದೆ. ಅಂಗಡಿ ಕೆಲಸ ಬಿಟ್ಟು ವರ್ಷಗಳೇ ಕಳೆದಿವೆ, ಅವನ ಮನಸ್ಸಿನಲ್ಲಿ ಮಾತ್ರ ಅದು ಇನ್ನೂ ಇದೆ. ತನಗೆ ಏನೂ ಆಗಿಲ್ಲ ಎಂದು ನಂಬುವುದು ಎಷ್ಟೋ ಜನರಿಗೆ ಈ ಕಾಯಿಲೆಯ ಭಾಗವೇ. ಅಂಥವರನ್ನು ಒಬ್ಬರನ್ನೇ ಕೂರಿಸಿ ಕೇಳಿ, ಆ ಉತ್ತರವನ್ನೇ ತೀರ್ಪು ಮಾಡುವುದು ಅನ್ಯಾಯ, ಅಲ್ವಾ?

ಪ್ರಮಾಣಪತ್ರದಲ್ಲಿ ಶೇಕಡಾವಾರು ಇತ್ತು, ಅದು ಎಲ್ಲಿಂದ ಬಂತು ಎಂದು ಇರಲಿಲ್ಲ. ಹಾಗಾಗಿ ಮೊದಲು ಅಂಕಪಟ್ಟಿ, ಅಂದರೆ ಮಂಡಳಿ ಯಾವುದಕ್ಕೆ ಎಷ್ಟು ಅಂಕ ಹಾಕಿದೆ ಎಂಬ ಹಾಳೆ, ಬೇಕು ಅಂದುಕೊಂಡೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿಸಿದೆ. ಅರ್ಜಿ ತಮ್ಮನ ಹೆಸರಲ್ಲೇ ಇತ್ತು, ಸಹಿಯೂ ಅವನದೇ. ಬೇರೆಯವರು ಕೇಳಿದರೆ ಖಾಸಗಿ ಮಾಹಿತಿ ಎಂದು ತಳ್ಳಿಹಾಕಬಹುದು. ತನ್ನ ಚಿಕಿತ್ಸೆಯ ದಾಖಲೆ ಪಡೆಯುವ ಹಕ್ಕು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಇದೆ. ಅದನ್ನೂ ಅರ್ಜಿಯಲ್ಲಿ ಬರೆದೆವು.

ಪಟ್ಟಿ ಕೈಗೆ ಬಂದಾಗ ಎಲ್ಲ ಅರ್ಥವಾಯಿತು. ಮಾನಸಿಕ ಕಾಯಿಲೆಯನ್ನು ಅಳೆಯಲು ಐಡಿಯಾಸ್ ಎಂಬ ಮಾಪಕ ಬಳಸುತ್ತಾರೆ. ಸ್ವಂತ ಆರೈಕೆ, ಜನರ ಜೊತೆ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ: ಈ ನಾಲ್ಕಕ್ಕೆ ತಲಾ 0ಯಿಂದ 4 ಅಂಕ. ಕಾಯಿಲೆಯ ಅವಧಿಗೂ 4ರವರೆಗೆ ಅಂಕ ಸೇರುತ್ತದೆ. ಒಟ್ಟು 20. ಮೊತ್ತ 7 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶೇ. 40ಕ್ಕಿಂತ ಕಡಿಮೆ, 8ರಿಂದ 13 ಇದ್ದರೆ ಶೇ. 40ರಿಂದ 70. ನನ್ನ ತಮ್ಮನಿಗೆ ಬಂದಿದ್ದು 7. ಸ್ವಂತ ಆರೈಕೆಗೆ ಸೊನ್ನೆ ಹಾಕಿದ್ದರು, ಯಾಕೆಂದರೆ ಅವನು "ಮಾಡ್ತೀನಿ ಸರ್" ಅಂದಿದ್ದ. ಇನ್ನೊಂದೇ ಒಂದು ಅಂಕ ಬಿದ್ದಿದ್ದರೆ ಪಿಂಚಣಿ ಬರುತ್ತಿತ್ತು. ಈ ಮಾಪಕವನ್ನು ಬಳಸುವಾಗ ಮನೆಯಲ್ಲಿ ನೋಡಿಕೊಳ್ಳುವವರನ್ನು ಮಾತಾಡಿಸಬೇಕು, ಹಳೆಯ ದಾಖಲೆ ನೋಡಬೇಕು. ನಮ್ಮ ವಿಷಯದಲ್ಲಿ ಎರಡೂ ಆಗಿರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಂ ಪ್ರಕಾರ ಇಂಥ ನಿರ್ಧಾರದ ಮೇಲೆ ಮೇಲ್ಮನವಿ ಹಾಕಬಹುದು. ಗಡುವು ಮತ್ತು ಪ್ರಾಧಿಕಾರವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಪ್ರಮಾಣಪತ್ರ ಕೈಗೆ ಬಂದ ದಿನವೇ ಅದನ್ನು ಕೇಳಿ ತಿಳಿದುಕೊಳ್ಳಿ. ಯಾವ ಕಾಗದ ಕೊಟ್ಟರೂ ಸ್ವೀಕೃತಿ ಪಡೆಯಿರಿ.

ಜಾಸ್ತಿ ಶ್ರಮ ಹಾಕಿದ್ದು ಒಂದು ನೋಟ್‌ಬುಕ್‌ಗೆ. ಮಾಪಕದಲ್ಲಿರುವ ಆ ನಾಲ್ಕು ತಲೆಬರಹ ಹಾಕಿ, ಮನೆಯಲ್ಲಿ ಕಂಡಿದ್ದನ್ನು ದಿನಾಂಕದ ಜೊತೆ ಬರೆಯುತ್ತಾ ಹೋದೆ. "ಸ್ನಾನ ಮಾಡಲ್ಲ" ಎಂದು ಸುಮ್ನೆ ಬರೆದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಬೆಳಿಗ್ಗೆಯಿಂದ ಹೇಳಿ ಹೇಳಿ ಮಧ್ಯಾಹ್ನ ಒಳಗೆ ಹೋದ, ಕಾಲಿಗೆ ನೀರು ಹಾಕಿಕೊಂಡು ಅದೇ ಬಟ್ಟೆಯಲ್ಲಿ ಬಂದ" ಎಂದು ಬರೆದರೆ ಯಾರ ಸಹಾಯ, ಎಷ್ಟು ಸಹಾಯ ಬೇಕು ಅನ್ನೋದು ಕಣ್ಣಿಗೆ ಕಾಣುತ್ತದೆ. ಚೆನ್ನಾಗಿದ್ದ ದಿನಗಳನ್ನೂ ಬಿಡದೆ ಬರೆದೆ. ಅವೂ ಇದ್ದರೇನೇ ಉಳಿದಿದ್ದನ್ನು ನಂಬುತ್ತಾರೆ. ಹಳೆಯ ಅಂಗಡಿ ಮಾಲೀಕರು ಅವನು ಯಾವಾಗ, ಯಾಕೆ ಕೆಲಸ ಬಿಟ್ಟ ಎಂದು ಬರೆದುಕೊಟ್ಟರು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದೆ.

ಇದರಲ್ಲಿ ಅತಿ ಕಷ್ಟದ ಭಾಗ ಕಾಗದಪತ್ರದ್ದಲ್ಲ. ಒಬ್ಬ ಮನುಷ್ಯನಿಗೆ ಏನೇನು ಆಗುವುದಿಲ್ಲ ಎಂದು ಅವನ ಎದುರಿಗೇ ಓದಿ ಹೇಳುವುದು ಹಿಂಸೆ. ಮೊದಲೇ ತಮ್ಮನ ಜೊತೆ ಕೂತು, ಏನು ಬರೆಯುತ್ತಿದ್ದೇನೆ, ಯಾಕೆ ಎಂದು ಹೇಳಿದೆ. "ಅಕ್ಕಾ, ಇದನ್ನ ಎಲ್ಲರ ಮುಂದೆ ಹೇಳಬೇಡ" ಅಂದ. ಹಾಗಾಗಿ ಎಲ್ಲವನ್ನೂ ಬರಹದಲ್ಲೇ ಕೊಟ್ಟೆ.

ಮೇಲ್ಮನವಿ ಒಂದೇ ಪುಟ. ನಮ್ಮ ಬಡತನ, ಅಮ್ಮನ ಕಣ್ಣೀರು ಯಾವುದನ್ನೂ ಅದರಲ್ಲಿ ಬರೆಯಲಿಲ್ಲ. ಪ್ರತಿ ಅಂಕದ ಎದುರಿಗೆ ನಮ್ಮ ದಾಖಲೆ ಯಾವ ಪುಟದಲ್ಲಿದೆ ಎಂದು ತೋರಿಸಿದೆ. ಕೊನೆಗೆ ಎರಡು ಬೇಡಿಕೆ: ಮೊದಲ ಮಂಡಳಿಯಲ್ಲಿ ಇಲ್ಲದ ಮನೋವೈದ್ಯರಿಂದ ಮರುತಪಾಸಣೆ ಆಗಬೇಕು, ಮನೆಯವರನ್ನು ಪ್ರತ್ಯೇಕವಾಗಿ ಮಾತಾಡಿಸಬೇಕು. ಬರೆಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಒಬ್ಬ ವಕೀಲರು ನೆರವಾದರು. ಅಂಗವೈಕಲ್ಯ ಇರುವವರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ತುಂಬಾ ಜನ ಇದನ್ನು ಬಳಸಿಕೊಳ್ಳುವುದೇ ಇಲ್ಲ.

ಎರಡನೇ ಸಲ ವೈದ್ಯರು ಮೊದಲು ತಮ್ಮನ ಜೊತೆ ನಿಧಾನವಾಗಿ ಮಾತಾಡಿದರು, ಆಮೇಲೆ ನನ್ನನ್ನು ಒಳಗೆ ಕರೆದರು. ನೋಟ್‌ಬುಕ್ ಪುಟ ತಿರುಗಿಸುತ್ತಾ "ಇವರು ನೆನಪಿಸದಿದ್ದರೆ ಊಟ ಮಾಡ್ತಾರಾ?" ಎಂದು ಕೇಳಿದರು. ಮೊದಲ ಸಲವೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಈ ಸಲ ಒಟ್ಟು 12 ಅಂಕ ಬಂತು, ಹಳದಿ ಕಾರ್ಡ್ ಸಿಕ್ಕಿತು. ಪ್ರಮಾಣಪತ್ರ ತಾತ್ಕಾಲಿಕ, ಅವಧಿ ಮುಗಿದ ಮೇಲೆ ಮತ್ತೆ ತಪಾಸಣೆ ಇದೆ. ಅದಕ್ಕೇ ನೋಟ್‌ಬುಕ್ ನಿಲ್ಲಿಸಿಲ್ಲ.

ಈಗ ವಕೀಲರ ಜೊತೆ ಸೇರಿ ವಿಕಲಚೇತನರ ರಾಜ್ಯ ಆಯುಕ್ತರಿಗೆ ಒಂದು ಮನವಿ ಸಿದ್ಧ ಮಾಡುತ್ತಿದ್ದೇವೆ. ಮಾನಸಿಕ ಕಾಯಿಲೆಯ ತಪಾಸಣೆಯಲ್ಲಿ ನೋಡಿಕೊಳ್ಳುವವರನ್ನು ಹೊರಗೆ ಕೂರಿಸಬಾರದು, ಅಂಕಪಟ್ಟಿಯನ್ನು ಪ್ರಮಾಣಪತ್ರದ ಜೊತೆಗೇ ಕೊಡಬೇಕು ಎಂದು ಅದರಲ್ಲಿ ಕೇಳಿದ್ದೇವೆ.